ನಮ್ಮಲ್ಲಿ ಅಪ್ಪೆ ಅಂದರೆ ಅಮ್ಮ

ಎಪ್ಪತ್ತು ಮಕ್ಕಳ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಮುಂದಿನ ಓದಿಗೆ ಎಂತ ತಯಾರಿ ಆಗ್ತದೆ ಅಂತ ಕೇಳಿದ್ದೀರಿ. ನಾನು ಮಂಗಳೂರಿನ ಈಚೆ, ಮುಡಿಪು ಕಡೆಯವ. ಕೇರಳದ ಗಡಿ ಇಲ್ಲೇ ಹತ್ತಿರ. ಮಗಳು ಅಂಥದ್ದೇ ಶಾಲೆಯಲ್ಲಿ ಏಳನೇ, ನಾನು ಅಲ್ಲಿಯ ಶಾಲಾಭಿವೃದ್ಧಿ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಶಾಲೆಯ ಪಕ್ಷ ವಹಿಸಿಯೇ ಮಾತಾಡ್ತೇನೆ.

ಕನ್ನಡ ಶಾಲೆಗೆ ಬರುವ ಮಗುವಿಗೆ ಕನ್ನಡ ಬರ್ತದೆ ಅಂತ ಬೆಂಗಳೂರಿನವರಿಗೆ ಅನಿಸಬಹುದು. ಇಲ್ಲಿ ಹಾಗಲ್ಲ ಮಾರಾಯ್ರೆ. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ ಮನೆಮಾತಿನ ಮಕ್ಕಳು. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಒಂದನೇ ಕ್ಲಾಸಿನ ಪಾಠದಲ್ಲೇ ಮಗುವಿಗೆ ಲೋಕ ತಲೆಕೆಳಗು! ಹಸಿವಿಗೆ ತುಳುವಿನಲ್ಲಿ ‘ಬಡವು’. "ಟೀಚರ್, ನಂಗೆ ಬಡವಾಗ್ತದೆ" ಅಂತ ಒಬ್ಬ ಹೇಳಿದ್ದಕ್ಕೆ, ಘಟ್ಟದ ಮೇಲಿನಿಂದ ಬಂದ ಹೊಸ ಟೀಚರ್ ಅವನ ಮನೆಯ ಕಷ್ಟಸುಖ ವಿಚಾರಿಸಿದ್ದರು. ಈಗ ಅದೇ ಟೀಚರ್ ಭಿನ್ನರಾಶಿಯನ್ನು ತುಳುವಿನಲ್ಲಿ ಬಿಡಿಸಿ ಹೇಳಿ, ಬೋರ್ಡಿನಲ್ಲಿ ಕನ್ನಡದಲ್ಲಿ ಬರೀತಾರೆ. ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ತಯಾರಿ ಬೇರೆ ಇಲ್ಲ.

ಪರೀಕ್ಷೆಗಳೂ ಉಂಟು. ಐದನೆಯಲ್ಲಿ ನವೋದಯದ್ದು, ಅಂದರೆ ಕೇಂದ್ರ ಸರಕಾರದ ವಸತಿ ಶಾಲೆಗೆ ಸೇರುವ ಪರೀಕ್ಷೆ. ಜಿಲ್ಲೆಯ ನವೋದಯ ನಮ್ಮ ಮುಡಿಪುವಿನಲ್ಲೇ ಇರುವುದು, ಆದರೆ ಸೀಟು ಇಡೀ ಜಿಲ್ಲೆಗೆ 80. ಪಕ್ಕದ ಮನೆಯವರು ಅಂತ ಯಾರೂ ಒಳಗೆ ಬಿಡುವುದಿಲ್ಲ. ಎನ್‌ಎಂಎಂಎಸ್ ಅಂತ ಕೇಂದ್ರ ಸರಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಉಂಟು, ಬರೆಯುವುದು ಎಂಟನೆಯಲ್ಲಿ. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮ ಶಾಲೆ ಏಳನೆಯವರೆಗೆ ಮಾತ್ರ, ಎಂಟನೆಗೆ ಮಗು ಇಲ್ಲಿ ಇರುವುದಿಲ್ಲ, ಹೆಸರು ಬರುವುದು ಹೈಸ್ಕೂಲಿಗೆ. ಆದರೂ ಹೆಡ್ಮಾಷ್ಟ್ರು ಏಳನೆಯಲ್ಲೇ ಸಂಜೆ ಕೂರಿಸಿ ಅಭ್ಯಾಸ ಮಾಡಿಸ್ತಾರೆ. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅದನ್ನು ಸರಿಮಾಡಿಸಲು ತಂದೆತಾಯಿಯನ್ನು ಬೆನ್ನುಹತ್ತುವುದೂ ಅವರೇ.

ಮಳೆಗಾಲದ್ದು ಬೇರೆಯೇ ಕಥೆ. ಡಿಸಿ ರಜೆ ಕೊಟ್ಟರೆ ಆಯಿತು, ಕೊಡದ ದಿನ ತೋಡಿನಲ್ಲಿ (ಹಳ್ಳದಲ್ಲಿ) ನೀರು ಏರಿದರೆ ಕಾಲುಸಂಕ (ಕಿರುಸೇತುವೆ) ದಾಟುವ ಮಕ್ಕಳನ್ನು ಟೀಚರ್ ಬೇಗ ಬಿಡ್ತಾರೆ, ಜೊತೆಗೆ ದೊಡ್ಡವರನ್ನು ಕಳಿಸ್ತಾರೆ.

ಇಂಗ್ಲಿಷ್ ಟೀಚರ್ ಹುದ್ದೆ ಮೂರು ವರ್ಷದಿಂದ ಖಾಲಿ. ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಹಳೆ ವಿದ್ಯಾರ್ಥಿಗಳು ಶಾಲೆಯ ಹಿಂದೆ ಅಡಿಕೆ ಗಿಡ ನೆಟ್ಟಿದ್ದರು, ಅದರ ಹುಟ್ಟುವಳಿಯಲ್ಲಿ ಒಬ್ಬರು ಗೌರವ ಶಿಕ್ಷಕಿಗೆ ಸಂಬಳ. ಪಕ್ಕದ ಹರೇಕಳದ ಹಾಜಬ್ಬರು ಕಿತ್ತಳೆ ಮಾರಿದ ದುಡ್ಡು ಕೂಡಿಟ್ಟು, ಓಡಾಡಿ ಊರಿಗೆ ಶಾಲೆ ತರಿಸಿದ್ದು, 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ನಿಮಗೂ ಗೊತ್ತಿರಬಹುದು. ಅಷ್ಟು ದೊಡ್ಡ ಮನಸ್ಸು ನಮಗೆಲ್ಲಿ? ಆದರೂ ಅವರನ್ನು ನೋಡಿದ ಮೇಲೆ ಕಿಸೆ ಬಿಗಿಹಿಡಿಯಲು ನಾಚಿಕೆಯಾಗ್ತದೆ.

ಮಾರ್ಚಿನಲ್ಲಿ ಒಂದು ದಿನ ಏಳನೆಯ ಮಕ್ಕಳನ್ನು ಲೈನ್ ಬಸ್ಸಿನಲ್ಲಿ ಹೈಸ್ಕೂಲು ತೋರಿಸಲು ಕರೆದುಕೊಂಡು ಹೋಗ್ತಾರೆ. ಟಿಕೆಟು ಮಕ್ಕಳೇ ತೆಗೆಯಬೇಕು, ಇಳಿಯುವ ಸ್ಟಾಪು ಅವರೇ ಹೇಳಬೇಕು. ಕಳೆದ ಸಲ ಅಲ್ಲಿನ ಮಾಷ್ಟ್ರು ಒಬ್ಬ ಹುಡುಗನ ಹೆಸರು ಇಂಗ್ಲಿಷಿನಲ್ಲಿ ಕೇಳಿದರು. ಅವ ಇಂಗ್ಲಿಷಿನಲ್ಲೇ ಹೆಸರು, ಊರು ಹೇಳಿ ಮುಗಿಸಿ, "ಸರ್, ಇಲ್ಲಿ ಊಟಕ್ಕೆ ಎಷ್ಟು ಗಂಟೆಗೆ ಬಿಡ್ತಾರೆ?" ಅಂತ ಕನ್ನಡದಲ್ಲಿ ಕೇಳಿದ. ಬಡವಾಗ್ತಿತ್ತೋ ಏನೋ.