ವೆಸ್ಟಾ ಕರಗಿದ್ದು ಯಾವ ಬೆಂಕಿಗೆ?

ನಮಸ್ಕಾರ,

ವೆಸ್ಟಾ ಕ್ಷುದ್ರಗ್ರಹದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. 2011ರಲ್ಲಿ ನಾಸಾದ ಡಾನ್ ನೌಕೆ ಅಲ್ಲಿಗೆ ಹೋಗಿ ಸೇರಿದ ಭಾಗ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಆದರೆ ಎರಡನೇ ಪ್ಯಾರಾದ ಒಂದು ಸಾಲು ಎರಡು ದಿನದಿಂದ ನನ್ನನ್ನು ಕಾಡುತ್ತಿದೆ.

"ಕೋಟ್ಯಂತರ ವರ್ಷಗಳ ಹಿಂದೆ ವೆಸ್ಟಾ ಕರಗಿತು, ಲಾವಾ ಹರಿಯಿತು."

ಇಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಕೋಟ್ಯಂತರ ಅಂದರೆ ಎಷ್ಟು? ಡೈನೋಸಾರ್‌ಗಳು ಅಳಿದು ಆರೂವರೆ ಕೋಟಿ ವರ್ಷವಾಯಿತು, ಅದೂ ಕೋಟ್ಯಂತರವೇ. ಇದು ಸುಮಾರು 456 ಕೋಟಿ ವರ್ಷದ ಹಿಂದಿನ ಮಾತು. ಹಾಗೆಂದೇ ಬರೆಯಿರಿ.

ಆಮೇಲೆ ಆ "ಕರಗಿತು". ಯಾವ ಬೆಂಕಿಗೆ? ವೆಸ್ಟಾದ ಅಡ್ಡಳತೆ ಸುಮಾರು 525 ಕಿ.ಮೀ. ಅಷ್ಟೇ. ಸೂರ್ಯನಿಂದ ಅದು ನಮಗಿಂತ ಎರಡು ಪಟ್ಟಿಗೂ ಜಾಸ್ತಿ ದೂರ. ಅಲ್ಲಿಯ ಬಿಸಿಲಿಗೆ ಕಲ್ಲು ಕರಗುವುದಿಲ್ಲ, ಅಲ್ವಾ?

ನಾನು ಕೆಲಸ ಕಲಿಯುತ್ತಿದ್ದಾಗ ಕೆರೆಯೊಂದು ಬತ್ತಿದ ಬಗ್ಗೆ ವರದಿ ಬರೆದಿದ್ದೆ. ಹಿರಿಯ ಉಪಸಂಪಾದಕರು "ಬತ್ತಿತು" ಅನ್ನುವ ಪದಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ "ನೀರು ಎಲ್ಲಿಗೆ ಹೋಯಿತು?" ಎಂದು ಬರೆದು ವಾಪಸ್ ಕೊಟ್ಟರು. ಮಾರನೇ ದಿನ ಕೆರೆಯ ಸುತ್ತ ನಡೆದೆ. ರಾಜಕಾಲುವೆಯ ಬಾಯಿಗೆ ಯಾರೋ ಲೋಡುಗಟ್ಟಲೆ ಮಣ್ಣು ಸುರಿದಿದ್ದರು. ಸುದ್ದಿ ಇದ್ದದ್ದೇ ಅಲ್ಲಿ.

ನಿಮ್ಮ ಸುದ್ದಿ ಇರುವುದು ಆ ಬೆಂಕಿಯಲ್ಲಿ. ಅದು ಅಲ್ಯೂಮಿನಿಯಂ-26, ಅಲ್ಯೂಮಿನಿಯಂನ ವಿಕಿರಣಶೀಲ ರೂಪ. ವಿಕಿರಣ ಸೂಸುತ್ತಾ, ಬಿಸಿ ಕೊಡುತ್ತಾ, ಸುಮಾರು ಏಳು ಲಕ್ಷ ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅದಿನ್ನೂ ಬೇಕಾದಷ್ಟು ಇದ್ದಾಗಲೇ ವೆಸ್ಟಾ ಹುಟ್ಟಿತು. ಹಾಗಾಗಿ ಒಳಗಿನಿಂದಲೇ ಬೆಂದಿತು. ಅದೇ ಕ್ಷುದ್ರಗ್ರಹ ಪಟ್ಟಿಯಲ್ಲಿರುವ ಕುಬ್ಜಗ್ರಹ ಸೀರೀಸ್ ವೆಸ್ಟಾಗಿಂತ ದೊಡ್ಡದು, ಆದರೂ ಅಲ್ಲಿ ಇವತ್ತಿಗೂ ಮಂಜುಗಡ್ಡೆ ಇದೆ. ಯಾಕೆ ಅಂತ ಓದುಗರು ಕೇಳೇ ಕೇಳುತ್ತಾರೆ.

ಇನ್ನೊಂದು. ಕ್ಷುದ್ರಗ್ರಹಗಳನ್ನು "ಮೌನ ಸಾಕ್ಷಿ" ಎಂದು ಮೂರು ಕಡೆ ಕರೆದಿದ್ದೀರಿ. ಒಪ್ಪಲಾರೆ. 1996ರ ಜೂನ್‌ನಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಯೂಕ್ರೈಟ್ ಜಾತಿಯದು, ಅಂದರೆ ಲಾವಾ ಆರಿ ಗಟ್ಟಿಯಾದ ಕಲ್ಲು. ಈ ಜಾತಿಯ ಕಲ್ಲುಗಳು ವೆಸ್ಟಾದಿಂದ ಸಿಡಿದು ಬಂದವು ಎಂದು ವಿಜ್ಞಾನಿಗಳು ನಂಬುತ್ತಾರೆ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು ಅದರ ಹರಳುಗಳಲ್ಲಿ ಮೆಗ್ನೀಸಿಯಂ-26 ಲೆಕ್ಕಕ್ಕಿಂತ ಜಾಸ್ತಿ ಇರುವುದನ್ನು ಕಂಡರು. 1999ರಲ್ಲಿ ಪ್ರಕಟಿಸಿದರು. ಆ ಅಲ್ಯೂಮಿನಿಯಂ ಉರಿದು ಉಳಿಸಿದ ಬೂದಿ ಅದು! ನಮ್ಮ ನೆಲಕ್ಕೇ ಬಂದು ಬಿದ್ದ ಕಲ್ಲು ಇಷ್ಟು ಹೇಳಿರುವಾಗ ಅದನ್ನು ಮೌನ ಅನ್ನಬೇಡಿ.

ಆ ಕಲ್ಲಿನಿಂದಲೇ ಶುರುಮಾಡಿ ಇನ್ನೊಮ್ಮೆ ಬರೆದು ಕಳಿಸಿ. ಡಾನ್ ನೌಕೆಯ ಭಾಗ ಹಾಗೇ ಇರಲಿ.