ಸಾಲ್ಮನ್ ಸಾಕಣೆ: ಹಸಿರು ದೀಪ ಸಾಕಾ?

ಪ್ರಶ್ನೆ: ನಾರ್ವೆಯಲ್ಲಿ ಸಮುದ್ರದ ಬಲೆಗೂಡುಗಳಲ್ಲಿ ಸಾಲ್ಮನ್ ಮೀನು ಸಾಕುತ್ತಾರಲ್ವಾ, ಅದರಿಂದ ಆಗುವ ಹಾನಿಯನ್ನು ಅಳೆಯುವುದು ಹೇಗೆ?

ಉತ್ತರ: ಅಲ್ಲಿ ಮುಖ್ಯ ಅಳತೆಗೋಲು ಹೇನು! ಸಾಲ್ಮನ್ ಮೈಗೆ ಅಂಟಿಕೊಂಡು ಲೋಳೆ, ಚರ್ಮ, ರಕ್ತ ತಿನ್ನುವ ಸಮುದ್ರ ಹೇನು. ಗೂಡಿನಲ್ಲಿ ಲಕ್ಷಗಟ್ಟಲೆ ಮೀನು ಒತ್ತೊತ್ತಾಗಿ ಇರುವುದರಿಂದ ಇದು ಜಾಸ್ತಿಯಾಗುತ್ತದೆ, ಹೇನಿನ ಮರಿಗಳು ನೀರಿನ ಸೆಳೆತದಲ್ಲಿ ತೇಲಿಹೋಗಿ, ನದಿಯಿಂದ ಆಗಷ್ಟೇ ಕಡಲಿಗಿಳಿದ ಕಾಡು ಸಾಲ್ಮನ್ ಮರಿಗಳಿಗೆ ಅಂಟುತ್ತವೆ. ಬೆರಳೆಣಿಕೆಯಷ್ಟು ಹೇನು ಸಾಕು, ಪುಟ್ಟ ಮರಿ ಸೊರಗುತ್ತದೆ.

2017ರಿಂದ ಅಲ್ಲಿನ ಕರಾವಳಿಯನ್ನು 13 ವಲಯ ಮಾಡಿ ಟ್ರಾಫಿಕ್ ಸಿಗ್ನಲ್ ಥರ ಬಣ್ಣ ಕೊಡುತ್ತಾರೆ. ಹೇನಿನಿಂದ ಸಾಯುವ ಕಾಡು ಮರಿಗಳು ಶೇ. 10ಕ್ಕಿಂತ ಕಡಿಮೆ ಅಂದಾಜಾದರೆ ಹಸಿರು, ಶೇ. 30 ದಾಟಿದರೆ ಕೆಂಪು. ಹಸಿರಿದ್ದರೆ ಸಾಕಣೆ ಹೆಚ್ಚಿಸಬಹುದು, ಕೆಂಪಾದರೆ ಇಳಿಸಬೇಕಾಗಬಹುದು.

ಆದರೆ ಸುಮ್ನೆ ಹೇನು ಎಣಿಸಿದರೆ ಸಾಲದು, ನನ್ನ ಪ್ರಕಾರ ಇದೇ ದೊಡ್ಡ ಕೊರತೆ. ಗೂಡಿನ ಕೆಳಗೆ ಬೀಳುವ ಹಿಕ್ಕೆ, ತಪ್ಪಿಸಿಕೊಂಡು ಕಾಡು ಮೀನಿನ ಜೊತೆ ಕೂಡುವ ಸಾಕುಮೀನು, ಊರಿನವರ ಕೂಲಿ, ಇದ್ಯಾವುದೂ ಆ ಬಣ್ಣದಲ್ಲಿ ಕಾಣುವುದಿಲ್ಲ. ಸಾಲ್ಮನ್ ಸಾಕುವ ಇನ್ನೊಂದು ದೇಶ ಚಿಲಿಯನ್ನೇ ನೋಡಿ. 2007ರಲ್ಲಿ ಐಎಸ್‌ಎ ಎಂಬ ವೈರಸ್ ರೋಗ ಹಬ್ಬಿ ಮೀನು ಸತ್ತಾಗ, ಸಾವಿರಾರು ಕಾರ್ಮಿಕರ ಕೆಲಸವೂ ಹೋಯಿತು.