ಫೋನ್ ರಿಂಗಾದರೆ ಎದೆ ಢವಢವ

ಪ್ರಶ್ನೆ: ನನಗೆ 31 ವರ್ಷ, ದಾವಣಗೆರೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಬೆಳಗಿನ ಜಾವ ಊರಿಂದ ಫೋನ್ ಬಂತು, ಅಪ್ಪ ಹೋಗಿಬಿಟ್ಟರು ಅಂತ. ಆಮೇಲಿಂದ ರಿಂಗಾದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಫೋನನ್ನು ಸೈಲೆಂಟಲ್ಲೇ ಇಡುತ್ತೇನೆ. ಅಮ್ಮನ ಕಾಲ್ ಬಂದರೂ ಗಂಡನೇ ಎತ್ತುತ್ತಾರೆ. ನನಗೆ ಹುಚ್ಚು ಹಿಡಿಯುತ್ತಿದೆಯಾ?

ಉತ್ತರ: ಇಲ್ಲಮ್ಮಾ, ಹುಚ್ಚೇನೂ ಅಲ್ಲ. ಅವತ್ತು ರಿಂಗಿನ ಹಿಂದೆಯೇ ಸಾವಿನ ಸುದ್ದಿ ಬಂತು. ನಿಮ್ಮ ಮೆದುಳು ಎರಡನ್ನೂ ಗಂಟು ಹಾಕಿಟ್ಟುಕೊಂಡಿದೆ. ಯಾರ ಫೋನು ಅಂತ ನೋಡುವ ಮೊದಲೇ ಮೈಯಲ್ಲಿ ಅಡ್ರಿನಲಿನ್, ಅಂದರೆ ಗಾಬರಿಯಾದಾಗ ಎದೆಬಡಿತ ಏರಿಸುವ ಹಾರ್ಮೋನು, ಏರುತ್ತದೆ.

ನನಗೆ ಚಿಂತೆ ಇರುವುದು ಆ ಸೈಲೆಂಟ್ ಬಗ್ಗೆ. ಕಾಲ್ ಎತ್ತದಿದ್ದಾಗ ಹಾಯೆನಿಸುತ್ತದೆ, ಅಲ್ವಾ? 'ಎತ್ತಲಿಲ್ಲ, ಅದಕ್ಕೇ ಬಚಾವಾದೆ' ಅಂತ ಮನಸ್ಸು ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಜಾಸ್ತಿ.

ಎಲ್ಲ ಕಾಲ್‌ಗೂ ಒಂದೇ ಥರ ಗಾಬರಿಯಾಗುತ್ತದೆಯೇ? ನನಗೇನೋ ಅನುಮಾನ. ಹತ್ತು ಹದಿನೈದು ದಿನ ಬರೆದಿಡಿ: ಎಷ್ಟು ಹೊತ್ತಿಗೆ ಬಂತು, ಯಾರದು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಕಾಫಿ ಎಷ್ಟಾಗಿತ್ತು. ಸ್ಕೂಲ್ ಹೊತ್ತಲ್ಲಿ ಪೋಷಕರ ಕಾಲ್ ಬಂದರೆ ಏನೂ ಆಗದೆ, ನಸುಕಿನಲ್ಲಿ ಊರಿನ ನಂಬರ್ ಕಂಡರೆ ಮಾತ್ರ ನಡುಕ ಬರಬಹುದು. ನಿದ್ದೆಗೆಟ್ಟು ಖಾಲಿ ಹೊಟ್ಟೆಗೆ ಕಾಫಿ ಕುಡಿದರೆ ಎದೆಬಡಿತ ಮೊದಲೇ ಏರಿರುತ್ತದೆ.

ಆಮೇಲೆ ಸುಲಭದ್ದರಿಂದ ಶುರು ಮಾಡಿ. ರಿಂಗ್‌ಟೋನ್ ಬದಲಿಸಿ, ಪಕ್ಕದ ರೂಮಿಂದ ಗಂಡನ ಕೈಲಿ ಕಾಲ್ ಮಾಡಿಸಿ, ನೀವೇ ಎತ್ತಿ. ಅದು ರೂಢಿಯಾದ ಮೇಲೆ ಅಮ್ಮನಿಗೆ ದಿನಾ ಸಂಜೆ ಏಳಕ್ಕೆ ಫೋನ್ ಮಾಡಲು ಹೇಳಿ. ನಸುಕಿನ ಕಾಲ್ ಕೊನೆಗಿರಲಿ. ಎದೆ ಹೊಡೆದುಕೊಂಡರೆ ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಎದ್ದು ಓಡಬೇಡಿ. ಏರಿದ ಗಾಬರಿ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ.

ಥೈರಾಯ್ಡ್ ಟೆಸ್ಟೂ ಮಾಡಿಸಿ. ಅದು ಜಾಸ್ತಿಯಾದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ತಾಯತ ಕಟ್ಟಿಸೋಣ ಅಂತ ಮನೆಯವರು ಅಂದರೆ ಜಗಳ ಬೇಡ, ಕಟ್ಟಿಸಿಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ನಿದ್ದೆ, ಪಾಠ ಕೆಡುತ್ತಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ನಿಮ್ಮ ಯಜಮಾನರಿಗೂ ಓದಿಸಿ. ಅವರು ಪ್ರೀತಿಯಿಂದಲೇ ನಿಮ್ಮ ಫೋನ್ ಎತ್ತುತ್ತಿದ್ದಾರೆ. ಆದರೆ ಇನ್ನು ಮೇಲೆ ನಿಧಾನಕ್ಕೆ ಅದನ್ನು ಬಿಡಬೇಕಾಗುತ್ತದೆ.